ಬೋಳು ಕೋಳಿಗಳ ಬಾಣಂತನ

"ಮಂಗಳಾ! ಏ ಮಂಗಳಾ! ಲಗೂನ ಬಾ, ನಮ್ಮ ಕೋಳಿ ಬೋಳಾಗ್ಯಾವ!"

ಶುಕ್ರವಾರ ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ಅನ್ನಪೂರ್ಣೆವ್ವ ಹಾಕಿದ ಕೂಗಿಗೆ ಕುವೈತಿನ ರುಮೈಥಿಯಾದ ಆ ಓಣಿಯೇ ಎಚ್ಚರವಾಯಿತು. ಮಗಳು ಮಂಗಳಾ ತಿಂಗಳು ತುಂಬದ ಹೆಣ್ಣು ಕೂಸನ್ನು ಎದೆಗವಚಿಕೊಂಡು ಹಿಂಬಾಗಿಲಿಗೆ ಬಂದಳು. ಗೂಡಿನ ತುಂಬ ಪುಕ್ಕ. ಒಂದು ಕೋಳಿಯ ಕುತ್ತಿಗೆ ಬೋಳು, ಇನ್ನೊಂದಕ್ಕೆ ಬಾಲವೇ ಇಲ್ಲ. ಮೂರನೆಯದರ ಬೆನ್ನು ಅಂಗಡಿಯಲ್ಲಿ ತೂಗುಹಾಕಿದ ಕೋಳಿಯ ಹಾಗೆ ಕಾಣುತ್ತಿತ್ತು.

ಅನ್ನಪೂರ್ಣೆವ್ವ ಮಗಳ ಬಾಣಂತನಕ್ಕೆಂದು ಬಾಗಲಕೋಟೆ ಕಡೆಯಿಂದ ಕುವೈತಿಗೆ ಬಂದವಳು. ಇಲ್ಲಿ ಹೊಲವಿಲ್ಲ, ಹರಟೆಗೆ ಕಟ್ಟೆಯಿಲ್ಲ. ಅತ್ತೆಗೆ ಹೊತ್ತು ಹೋಗಲಿ ಎಂದು ಅಳಿಯ ರವಿಕಿರಣ ಸಂತೆಯಿಂದ ನಾಲ್ಕು ಹೇಟೆ ಕೋಳಿ ತಂದುಕೊಟ್ಟಿದ್ದ. ಅಳಿಯನಿಗಿಂತ ಹೆಚ್ಚು ಮಾತು ಅವಳು ಕೋಳಿಗಳ ಜೊತೆಗೇ ಆಡುತ್ತಿದ್ದಳು ಎಂದರೆ ತಪ್ಪಾಗದು.

ಗಲಾಟೆ ಕೇಳಿ ಮೇಲಿನ ಮನೆಯ ಶರ್ಲಿನ್ ಇಳಿದು ಬಂದಳು. ಮಂಗಳೂರು ಕಡೆಯ ಹುಡುಗಿ. ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್.

"ಸಿಸ್ಟರ, ಯಾರದರ ಕಣ್ಣು ಬಿತ್ತೇನ? ಇಲ್ಲಾ ದೊಡ್ಡ ರೋಗ ಬಂತೇನ?" ಅನ್ನಪೂರ್ಣೆವ್ವನ ಕಣ್ಣಲ್ಲಿ ನೀರು.

ಶರ್ಲಿನ್ ಬಗ್ಗಿ ನೋಡಿದಳು. "ಹೆದರ್ಬೇಡಿ ಅಮ್ಮ. ಇದು ರೋಗ ಅಲ್ಲ. ವರ್ಷಕ್ಕೊಮ್ಮೆ ಹೀಗೆ ಆಗುದು ಉಂಟು. ಹಗಲು ಗಿಡ್ಡ ಆಗ್ತಾ ಬಂದ ಹಾಗೆ ಹಳೆ ಪುಕ್ಕ ಬಿಟ್ಟು ಹೊಸತು ಹಾಕ್ತವೆ. ಊರಲ್ಲಿ ನಮ್ಮ ಮಮ್ಮಿಯ ಕೋಳಿಗಳೂ ಹೀಗೇ."

"ವಾರಾತು, ಒಂದ ಮೊಟ್ಟಿ ಸೈತ ಇಟ್ಟಿಲ್ಲ."

"ಇಡುದಿಲ್ಲ. ಮೈಯ ಶಕ್ತಿ ಎಲ್ಲ ಪುಕ್ಕಕ್ಕೆ ಹೋಗ್ತದೆ ಅಲ್ವಾ? ಎರಡು ಮೂರು ತಿಂಗಳಲ್ಲಿ ಸರಿ ಆಗ್ತವೆ. ಬೇಯಿಸಿದ ಮೊಟ್ಟೆ, ಮೀನಿನ ತಲೆ ಹಾಕಿ. ಒಳ್ಳೆ ನೀರು ಇಡಿ. ಮತ್ತೆ, ಎತ್ತಿ ಮುದ್ದು ಮಾಡ್ಲಿಕ್ಕೆ ಹೋಗ್ಬೇಡಿ. ಹೊಸ ಪುಕ್ಕದ ಮೊಳಕೆ ಮುಟ್ಟಿದ್ರೆ ಅವಕ್ಕೆ ನೋಯ್ತದೆ."

"ಮತ್ತ ಥಂಡಿಗೆ?"

"ಇದೆಂತ ಥಂಡಿ ಅಮ್ಮ? ಮಧ್ಯಾಹ್ನ ಆದ್ರೆ ನಾವೇ ಸ್ವೆಟರ್ ತೆಗೀತೇವೆ. ಗಾಳಿ ಬರುವ ಬದಿಗೆ ಒಂದು ಗೋಣಿ ಕಟ್ಟಿ, ಸಾಕು. ಕಾಳು ಬಿಟ್ಟು ತೂಕಡಿಸಿದ್ರೆ, ಮೂಗಲ್ಲಿ ನೀರು ಬಂದ್ರೆ, ಒಂದರ ಹಿಂದೆ ಒಂದು ಸತ್ರೆ ಅದು ರೋಗ. ಆಗ ಮುಟ್ಲಿಕ್ಕೆ ಹೋಗದೆ ಪಶುವೈದ್ಯರಿಗೆ ಹೇಳ್ಬೇಕು. ಇವು ನೋಡಿ, ಚೆನ್ನಾಗಿ ತಿಂತಾ ಉಂಟು."

ಶರ್ಲಿನ್ ಮೆಟ್ಟಿಲು ಹತ್ತಿದ್ದೇ ತಡ, ಅನ್ನಪೂರ್ಣೆವ್ವ ಮೂತಿ ತಿರುವಿದಳು. "ಆಕಿ ಮಂದಿ ನರ್ಸ. ಕೋಳಿ ನಾಡಿ ಆಕಿಗೇನ ಗೊತ್ತು? ಮೈಮ್ಯಾಲ ಅರಿವಿ ಇಲ್ಲದ ಜೀವಾನ ಬೆಚ್ಚಗ ಇಡಬೇಕೋ ಬ್ಯಾಡೋ?"

"ಹೇಳಿದಷ್ಟ ಮಾಡಬೇ ಯವ್ವಾ," ಎಂದಳು ಮಂಗಳಾ. ಕೂಸು ಅಳತೊಡಗಿತು, ಅವಳು ಒಳಗೆ ಹೋದಳು.

ಬೆಚ್ಚಗಿಡುವುದು ಅನ್ನಪೂರ್ಣೆವ್ವನಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಅವಳ ಊರಿನಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಗೆ ಇಡುತ್ತಾರೆ. ಇಲ್ಲಿಯೂ ಇಡಬೇಕೆಂದೇ ಅಳಿಯನ ಕೈಯಲ್ಲಿ ಒಂದು ಚೀಲ ಇದ್ದಿಲು ತರಿಸಿದ್ದಳು. ಸಂಜೆ ಕೂಸಿಗೆ ಎರೆದ ಮೇಲೆ ಮಗಳ ಮಂಚದ ಕೆಳಗೆ ಕೆಂಡ ಇಡುವುದೆಂದು ತಾಯಿ ಮಗಳು ಮಾತಾಡಿಯೂ ಆಗಿತ್ತು. ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ, ಅಷ್ಟರಲ್ಲಿ ಕೋಳಿಗಳಿಗೂ ಒಂದಿಷ್ಟು ಕಾಸಿದರೆ ಏನು ನಷ್ಟ ಎಂದುಕೊಂಡಳು.

ಹಳೆಯ ಕಬ್ಬಿಣದ ಬಾಣಲೆಗೆ ಇದ್ದಿಲು ಸುರಿದು ಅಂಗಳದಲ್ಲಿ ಹೊತ್ತಿಸಿದಳು. ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾಗುವವರೆಗೆ ಕಾದಳು. ಜಾಣೆ! ಆಮೇಲೆ ಹಿತ್ತಲಿನ ಸಾಮಾನಿನ ಕೋಣೆಯಲ್ಲಿ ಬಾಣಲೆ ಇಟ್ಟಳು, ಕೋಳಿಗಳನ್ನು ಒಳಗೆ ಬಿಟ್ಟಳು, ತಾನೂ ಕೂತು ಬಾಗಿಲು ಹಾಕಿಕೊಂಡಳು. ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿದಳು. ಆ ಕೋಣೆಗಿದ್ದ ಒಂದೇ ಕಿಟಕಿ ಮೊದಲೇ ಭದ್ರವಾಗಿ ಮುಚ್ಚಿತ್ತು. ಮರಳಿನ ಧೂಳು ನುಗ್ಗದಿರಲಿ ಎಂದು ಅದಕ್ಕೆ ರಬ್ಬರ್ ಪಟ್ಟಿ ಬೇರೆ.

ಊಟದ ಹೊತ್ತಾಯಿತು. ಅವ್ವನ ಸದ್ದಿಲ್ಲ. ಮಂಗಳಾ ಕರೆದಳು, ಮತ್ತೆ ಕರೆದಳು. ಕೂಸನ್ನು ಎತ್ತಿಕೊಂಡೇ ಹಿತ್ತಲಿಗೆ ಹೋಗಿ ಬಾಗಿಲು ನೂಕಿದಳು. ಟವೆಲ್ ಸಿಕ್ಕಿಕೊಂಡು ಬಾಗಿಲು ಅರ್ಧ ಮಾತ್ರ ತೆರೆಯಿತು. ಒಳಗೆ ಅವ್ವ ಗೋಡೆಗೊರಗಿ ವಾಲಿದ್ದಳು, ಬಾಯಿ ತೆರೆದಿತ್ತು. ಸುತ್ತ ಕೋಳಿಗಳು ಕಾಲು ಚಾಚಿ ಬಿದ್ದಿದ್ದವು.

"ಶರ್ಲಿನ್! ನಮ್ಮವ್ವ! ನಮ್ಮವ್ವ ಹೋದ್ಲು!"

ಶರ್ಲಿನ್ ಬರಿಗಾಲಲ್ಲಿ ಓಡಿ ಬಂದಳು. ಬಾಣಲೆ ಕಂಡ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. "ಮಂಗಳಾ, ಒಳಗೆ ಹೋಗ್ಬೇಡ! ಮಗುವನ್ನು ರಸ್ತೆಗೆ ಕರ್ಕೊಂಡು ಹೋಗು! ನೂರ ಹನ್ನೆರಡಕ್ಕೆ ಫೋನ್ ಮಾಡು!" ಎಂದು ಕಿರುಚಿದಳು. ಬಾಗಿಲನ್ನು ಹೆಗಲಿನಿಂದ ಪೂರ್ತಿ ನೂಕಿ, ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು. ಅನ್ನಪೂರ್ಣೆವ್ವನ ಎರಡೂ ಕಂಕುಳಿಗೆ ಕೈ ಹಾಕಿ ದರದರನೆ ಅಂಗಳಕ್ಕೆ ಎಳೆದು ತಂದಳು. ಉಸಿರಿತ್ತು, ಬಹಳ ಮೆಲ್ಲಗೆ. ಆಂಬುಲೆನ್ಸ್ ಬರುವವರೆಗೂ ಶರ್ಲಿನ್ ಅವಳ ಮೂಗಿನ ಬಳಿಯಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಅನ್ನಪೂರ್ಣೆವ್ವ ಕಣ್ಣು ಬಿಟ್ಟಳು. ತಲೆ ಸಿಡಿಯುತ್ತಿತ್ತು. ಕೋಳಿಗಳಲ್ಲಿ ಎರಡು ಸತ್ತಿದ್ದವು. ಇದೆಲ್ಲ ಕೆಂಡದಿಂದ ಆದದ್ದೆಂದು ಪಕ್ಕದಲ್ಲಿ ಕೂತಿದ್ದ ಶರ್ಲಿನ್ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ.

"ಹೊಗಿನ ಇರಲಿಲ್ಲಲ್ಲ ಸಿಸ್ಟರ? ಹೊಗಿ ಎಲ್ಲಾ ಹೊರಗ ಹೋದ ಮ್ಯಾಲ ಒಳಗ ಒಯ್ದೀನಿ."

"ಹೊಗೆ ಕಂಡಿದ್ರೆ, ಕೆಮ್ಮು ಬಂದಿದ್ರೆ ನೀವೇ ಎದ್ದು ಓಡ್ತಿದ್ರಿ ಅಮ್ಮ. ಕೆಂಡದಿಂದ ಬರುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದ್ಲು ತಲೆ ಭಾರ, ಮತ್ತೆ ವಾಂತಿ ಬಂದ ಹಾಗೆ, ಮತ್ತೆ ನಿದ್ದೆ. ಆ ನಿದ್ದೆಯಿಂದ ಸುಮಾರು ಜನ ಏಳುದೇ ಇಲ್ಲ."

"ನಮ್ಮೂರಾಗ ಎಷ್ಟ ಬಾಣಂತನ ಹಿಂಗ ಮಾಡೇನಿ..."

"ಊರ ಮನೆಯ ಮಾಡಿನಲ್ಲಿ ಬೆಳಕಿಂಡಿ ಉಂಟಲ್ವಾ? ಗಾಳಿ ಆಡ್ತದೆ. ಹಾಗಂತ ಅಲ್ಲಿಯೂ ಇದು ಒಳ್ಳೇದಲ್ಲ. ಇಲ್ಲಿಯ ಮನೆಯಲ್ಲಂತೂ ಕಿಟಕಿ ಹಾಕಿದ್ರೆ ಉಸಿರು ಹೋಗ್ಲಿಕ್ಕೂ ದಾರಿ ಇಲ್ಲ."

ಬಾಗಿಲ ಬಳಿ ನಿಂತಿದ್ದ ರವಿಕಿರಣನ ಮುಖ ಬಿಳಚಿಕೊಂಡಿತ್ತು. ಮೀನಾ ಅಲ್ ಅಹ್ಮದಿಯ ತೈಲಾಗಾರದಲ್ಲಿ ಟೆಕ್ನೀಶಿಯನ್. ಡ್ಯೂಟಿಯಿಂದ ನೇರ ಬಂದಿದ್ದ. "ವಿಷದ ಗ್ಯಾಸ್ ಕಂಡ್ರ ಕೂಗೂ ಮೀಟರ್ ದಿನಾ ಎದಿಮ್ಯಾಲ ಸಿಗಿಸ್ಕೊಂಡ ಅಡ್ಡಾಡ್ತೀನಿ. ಮನಿಗೆ ಇದ್ದಿಲ ಚೀಲಾ ತಂದಾಂವ ನಾನ. ಬದ್ನಿಕಾಯಿ ಸುಡಾಕಿರಬೇಕಂತ ತಿಳ್ಕೊಂಡೆ. ಒಂದ ಮಾತು ಕೇಳಲಿಲ್ಲ."

ಅನ್ನಪೂರ್ಣೆವ್ವ ಅಳಿಯನನ್ನು ನೋಡಿದಳು, ಮಗಳ ಮಡಿಲಲ್ಲಿ ಮಲಗಿದ್ದ ಕೂಸನ್ನು ನೋಡಿದಳು. ಥಟ್ಟನೆ ಎದ್ದು ಕೂತು ಬಾಯಿಗೆ ಸೆರಗು ಒತ್ತಿಕೊಂಡಳು.

"ಸಿಸ್ಟರ... ಸಂಜಿಗೆ ಅದನ್ನ ಈ ಕೂಸಿನ ಮಂಚದ ಬುಡಕ ಇಡಾಕಿ ಇದ್ದೆ."

ಶರ್ಲಿನ್‌ಗೆ ಇದು ಗೊತ್ತೇ ಇರಲಿಲ್ಲ. ಮಂಗಳಾ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಸಂಜೆಗೆ ಕೆಂಡ ಇಡುವ ಮಾತಿಗೆ ಬೆಳಿಗ್ಗೆ ಅವಳೂ ಹ್ಞೂಂ ಎಂದಿದ್ದಳು.

"ಕೋಳಿ ಬೋಳಾಗದಿದ್ರ ಮೊದಲ ಅಲ್ಲೇ ಇಡ್ತಿದ್ದೆ," ಎಂದಳು ಅನ್ನಪೂರ್ಣೆವ್ವ. "ಬಾಗ್ಲಾ ಹಾಕಿ, ಸಂದಿಗೆ ಅರಿವಿ ತುರುಕಿ, ತಾಯಿ ಮಗಳು ಬೆಚ್ಚಗ ಮಲಗ್ಯಾರಂತ ನಾನ ಹೊರಗ ಕುಂಡ್ರತಿದ್ದೆ." ಆಮೇಲೆ ಅವಳು ಗಟ್ಟಿಯಾಗಿ ಅತ್ತಳು.

ಮನೆಗೆ ಬಂದ ದಿನವೇ ಅವಳು ಉಳಿದ ಇದ್ದಿಲಿಗೆ ನೀರು ಸುರಿದು ಕಸದ ಡಬ್ಬಿಗೆ ಹಾಕಿಸಿದಳು. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ತಾಯಿಯ ಮೈಯ ಬಿಸಿ ಸಾಕಾಯಿತು. ಬದುಕಿದ ಎರಡು ಕೋಳಿಗಳು ಗೋಣಿಯ ಮರೆಯಲ್ಲಿ ಬಿಸಿಲು ಕಾಯುತ್ತ, ಬೇಯಿಸಿದ ಮೊಟ್ಟೆ ತಿನ್ನುತ್ತ, ಯಾರ ಬಾಣಂತನವೂ ಇಲ್ಲದೆ ಹೊಸ ಪುಕ್ಕ ತೊಟ್ಟವು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೇ ಈ ಮಾತು. ಚಳಿಗಾಲದಲ್ಲಿ ಪುಕ್ಕ ಉದುರಿಸುವುದು ಕೋಳಿಯ ಧರ್ಮ. ಒಳ್ಳೆಯ ಆಹಾರ ಹಾಕಿ, ಗಾಳಿಗೆ ಮರೆ ಕಟ್ಟಿ, ಅದರ ಪಾಡಿಗೆ ಅದನ್ನು ಬಿಡಿ. ಆದರೆ ಕೋಳಿಗಾಗಲಿ, ಕೂಸಿಗಾಗಲಿ, ನಿಮಗೇ ಆಗಲಿ, ಕೋಣೆಯೊಳಗೆ, ಡೇರೆಯೊಳಗೆ ಇದ್ದಿಲು ಹೊತ್ತಿಸಬೇಡಿ. ಹೊಗೆ ಇಲ್ಲವಲ್ಲ ಎಂದು ಮೋಸಹೋಗಬೇಡಿ. ಯಾರಾದರೂ ಹಾಗೆ ಬಿದ್ದದ್ದು ಕಂಡರೆ ಬಾಗಿಲು ತೆರೆಯಿರಿ, ಬಯಲಿಗೆ ತನ್ನಿ, ೧೧೨ಕ್ಕೆ ಕರೆ ಮಾಡಿ. ನಿಮ್ಮ ಮನೆಗೆ ಬಾಣಂತನಕ್ಕೆ ಬಂದ ಅವ್ವನೋ ಅಮ್ಮನೋ ಉಮ್ಮನೋ ಇದ್ದರೆ ಈಗಲೇ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಅವರು ಒಪ್ಪದಿದ್ದರೆ ಜಗಳವಾಡಿಯಾದರೂ ಒಪ್ಪಿಸಿ. ನಾಳೆ ನೋಡೋಣ ಎನ್ನಬೇಡಿ, ಚಳಿ ಇವತ್ತೇ ಇದೆ.