ನಲ್ಲಿಗೆ ಕಟ್ಟಿದ ಬಟ್ಟೆ

ಮಾಳಿಗೆಯ ನೀರಿನ ಟ್ಯಾಂಕಿಗೆ ಹೊಸ ಮುಚ್ಚಳ ಹಾಕಿಸಲು ಆರು ಅಂಗಿ ಹೊಲಿದ ಕೂಲಿ ಬೇಕಿತ್ತು. ಅದೇ ಟ್ಯಾಂಕಿನ ನೀರು ಬಳಸುವ ಏಳು ಮನೆಯವರು ಹಂಚಿಕೊಂಡರೆ ಮನೆಗೆ ಒಂದು ಅಂಗಿಯೂ ಬೀಳುತ್ತಿರಲಿಲ್ಲ. ಎಲ್ಲವನ್ನೂ ಅಂಗಿಯ ಲೆಕ್ಕದಲ್ಲೇ ಅಳೆಯುವ ದರ್ಜಿಗೆ ಅದೂ ದಂಡವೆನಿಸಿತು.

"ನಲ್ಲಿಗೆ ಎರಡು ಪದರ ಬಿಳಿ ಬಟ್ಟೆ ಕಟ್ಟಿದೀನಿ, ದಿನಾ ಬದಲಾಯಿಸ್ತೀನಿ. ಕೆಳಮನೆ ಅಜ್ಜಿಗೂ ಕಟ್ಟಿಕೊಟ್ಟಿದೀನಿ. ನೀರು ಕನ್ನಡಿ ಹಾಗಿದೆ. ನಮ್ಮ ಮುಚ್ಚಳ ಒಡೆದ್ರೆ ನಿಮ್ಮ ಸಂಘಕ್ಕೆ ಯಾಕಕ್ಕ ತಲೆನೋವು?"

ದರ್ಜಿಯ ಈ ಮಾತು ಕೇಳಿಸಿಕೊಂಡವಳು ಹಾಲಕ್ಕ. ಮನೆಮನೆಗೆ ಹಾಲು ಹಾಕುವವಳು, ಓಣಿಯ ಆರೋಗ್ಯ ಸಂಘದವಳು.

"ನಿನ್ನ ಸೂಜಿಗೂ ಒಂದು ಕಣ್ಣಿದೆಯಪ್ಪ. ಎರಡಿಟ್ಟುಕೊಂಡ ನೀನು ಒಂದ್ಸಲ ಮೇಲೆ ಹತ್ತಿ ನೋಡಬಾರದಾ?"

"ಪುರುಸೊತ್ತು ಸಿಗಲಿ, ನೋಡೋಣ."

ಅವನೇ ಕೊಡದ ಮೇಲೆ ನಾವ್ಯಾಕೆ ಎಂದು ಉಳಿದ ಮನೆಯವರೂ ಹಿಂದೆ ಸರಿದರು.

ಹದಿನೈದು ದಿನಕ್ಕೆ ದರ್ಜಿಯ ಐದು ವರ್ಷದ ಮಗಳಿಗೆ ವಾಂತಿಭೇದಿ ಹಿಡಿಯಿತು. ಬೆಳಿಗ್ಗೆ ಬಂದ ಹಾಲಕ್ಕ ಮಗುವಿನ ಗುಳಿಬಿದ್ದ ಕಣ್ಣು ನೋಡಿ ಕ್ಯಾನನ್ನು ಅಲ್ಲೇ ಕೆಳಗಿಟ್ಟಳು.

"ಯಾವಾಗಿಂದ ಉಚ್ಚೆ ಹೊಯ್ದಿಲ್ಲ ಇದು?"

"ನಿನ್ನೆ ಮಧ್ಯಾಹ್ನದಿಂದ," ಎಂದಳು ದರ್ಜಿಯ ಹೆಂಡತಿ. "ಏನೋ ತಿಂದಿರಬೇಕು, ತಾನಾಗೇ ನಿಲ್ಲುತ್ತೆ ಅಂದ್ಕೊಂಡ್ವಿ."

"ಏಳು, ಆಸ್ಪತ್ರೆಗೆ ಹೊರಡು. ದಾರಿಯುದ್ದಕ್ಕೂ ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸು. ನಿಮ್ಮ ನಲ್ಲಿ ನೀರಲ್ಲಿ ಕಲಸಬೇಡ. ಕುದಿಸಿ ಆರಿಸಿದ್ದು ನಾನು ತರ್ತೀನಿ."

ಮಧ್ಯಾಹ್ನ ಮಗುವಿನ ಬಟ್ಟೆ ಒಯ್ಯಲು ದರ್ಜಿ ಮನೆಗೆ ಬಂದಾಗ ಹಾಲಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ನಾಲ್ಕು ದಿನದಲ್ಲಿ ಐದು ಮನೆಗೆ ಭೇದಿ. ಕೆಳಮನೆ ಅಜ್ಜಿನ ನಿನ್ನೆ ಆಸ್ಪತ್ರೆಗೆ ಸೇರಿಸಿದ್ವಿ. ಒಬ್ಬೊಬ್ಬರು ಒಂದೊಂದು ಡಾಕ್ಟರ ಹತ್ರ ಹೋದ್ರು, ಆ ಡಾಕ್ಟರುಗಳಿಗೆ ಒಂದೊಂದೇ ಹೊಟ್ಟೆ ಕಂಡಿತು. ಮನೆಮನೆ ತಿರುಗೋ ಸಂಘದವರಿಗೆ ಟ್ಯಾಂಕು ಕಂಡಿತು. ಐದೂ ಮನೆಯೋರು ಕುಡಿಯೋದು ಇದೇ ನೀರು. ಆರೋಗ್ಯ ಕೇಂದ್ರಕ್ಕೂ ಹೇಳಿದೀವಿ."

ದರ್ಜಿ ಏಣಿ ಹತ್ತಿ ಒಡೆದ ಮುಚ್ಚಳ ಸರಿಸಿದ. ಒಳಗೆ ಎರಡು ಪಾರಿವಾಳ ಸತ್ತು ತೇಲುತ್ತಿದ್ದವು. ಒಂದರ ಎಲುಬು ಕಾಣುತ್ತಿತ್ತು. ನೀರಿನ ತುಂಬ ಬಿಳಿ ತುಪ್ಪಳ.

ಅವನು ಒಂದೆಳೆಯನ್ನು ಬೆರಳಲ್ಲಿ ಎತ್ತಿ ನೋಡಿದ. ದಿನವೂ ನಲ್ಲಿಯ ಬಟ್ಟೆ ಬಿಚ್ಚುವಾಗ ಅದರಲ್ಲಿ ಇಂಥವೇ ಬಿಳಿ ಎಳೆಗಳು ಸಿಗುತ್ತಿದ್ದವು. ತನ್ನ ಕತ್ತರಿಯ ಕೆಳಗೆ ಉದುರುವ ಹತ್ತಿಯ ಎಳೆ ಎಂದುಕೊಂಡು ಊದಿಬಿಡುತ್ತಿದ್ದ.

"ಅಕ್ಕ, ನಲ್ಲಿ ಬಟ್ಟೇಲಿ ಸಿಗ್ತಿದ್ದದ್ದು ಹತ್ತಿ ಅಲ್ಲ, ಪುಕ್ಕ," ಎಂದ.

"ಬಟ್ಟೆ ಪುಕ್ಕ ಹಿಡಿಯುತ್ತೆ ಕಣಪ್ಪ, ರೋಗ ಹಿಡಿಯಲ್ಲ. ಇಳಿ ಕೆಳಗೆ. ಮಗು ಹತ್ರ ಹೋಗು. ಇದನ್ನ ನಾವು ನೋಡ್ಕೋತೀವಿ."

ಸಂಜೆಯೊಳಗೆ ಸಂಘದ ಹೆಂಗಸರು ಟ್ಯಾಂಕು ಬರಿದು ಮಾಡಿ ಉಜ್ಜಿದರು. ಆರೋಗ್ಯ ಕೇಂದ್ರದವರು ಬಂದು ಬ್ಲೀಚಿಂಗ್ ಪುಡಿ ಹಾಕಿಸಿದರು. ಹೊಸ ಮುಚ್ಚಳದ ಆರೂ ಅಂಗಿಯ ಕೂಲಿಯನ್ನು ದರ್ಜಿಯೇ ಕೊಟ್ಟ. ಈಗ ಅವನೂ ಸಂಘದಲ್ಲಿದ್ದಾನೆ. ಓಣಿಯ ಟ್ಯಾಂಕುಗಳನ್ನು ಹತ್ತಿ ನೋಡುವುದು ಅವನ ಪಾಲಿನ ಕೆಲಸ.

ಇದನ್ನು ಓದಿದವರು, ಕೇಳಿದವರು ಇವತ್ತೇ ನಿಮ್ಮ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಆರು ತಿಂಗಳಿಗೊಮ್ಮೆ ತೊಳೆಸಿ. ಕುಡಿಯುವ ನೀರು ಕುದಿಸಿ. ಮನೆಯಲ್ಲಿ ಭೇದಿಯಾದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಓಣಿಯ ಸಂಘಕ್ಕೆ ಹೇಳಿ. ಸಂಘ ಇಲ್ಲವೇ? ನಾಲ್ಕು ಮನೆಯವರು ಕೂಡಿ ಕಟ್ಟಿ.

ದರ್ಜಿಯ ಮಗಳು ಐದನೇ ದಿನ ಮನೆಗೆ ಬಂದಳು. ಕೆಳಮನೆಯ ಅಜ್ಜಿ ಬರಲೇ ಇಲ್ಲ.