ಕೃಷ್ಣಾಜಿ ಡಾಕ್ಟರೂ ಪಾಳಿ ಹಚ್ಚಿದ್ದರು

ನಾನು ಗುಡೂರಿನ ಲಲಿತಾ. ನಮ್ಮೂರಲ್ಲಿ ಮೊದಲು ಕೃಷ್ಣಾಜಿ ಡಾಕ್ಟರ ದವಾಖಾನೆ ಇತ್ತು. ಒಂದೇ ಕೋಣೆ, ಒಂದೇ ಬೆಂಚು, ಒಳಗೆ ಕಾಲಿಟ್ಟರೆ ಸ್ಪಿರಿಟಿನ ವಾಸನೆ. ನಮ್ಮ ಅತ್ತೆ ರಾಮವ್ವ ಹೋದರೆ ಅವರು ಮೊದಲು ಕುರಿಗಳ ಕ್ಷೇಮ ಕೇಳಿ, ಆಮೇಲೆ ಜ್ವರ ಕೇಳುತ್ತಿದ್ದರು. ಪ್ರತಿ ಚಳಿಗಾಲಕ್ಕೆ ಅತ್ತೆ ಅವರಿಗೊಂದು ಕಂಬಳಿ ಒಯ್ದು ಕೊಡುತ್ತಿದ್ದಳು. ಈಗ ಡಾಕ್ಟರು ವಯಸ್ಸಾಗಿ ಇಳಕಲ್ಲಿನ ಮಗನ ಮನೆ ಸೇರಿದ್ದಾರೆ. ಆ ಕೋಣೆಯಲ್ಲಿ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹಾಯುವಾಗ ನಾನೂ ಒಮ್ಮೆ ಒಳಗೆ ಇಣುಕುತ್ತೇನೆ, ಸುಳ್ಳು ಯಾಕೆ ಹೇಳಲಿ.

ಹೋದ ಚಳಿಗಾಲದಲ್ಲಿ ಕುರಿಯ ಹಿಂದೆ ಹೋದ ಅತ್ತೆಯ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಬೈದು, ಬೇಡಿಕೊಂಡು ಇಳಕಲ್ಲಿಗೆ ಕರೆದೊಯ್ದೆ. ಅಲ್ಲಿ ಹಲವು ಡಾಕ್ಟರು ಕೂಡಿ ನಡೆಸುವ ದವಾಖಾನೆ ಇದೆ. ಪ್ರಿಯದರ್ಶಿನಿ ಡಾಕ್ಟರು ಗಾಯ ತೊಳೆದು, ಪಟ್ಟಿ ಕಟ್ಟಿ, ಗುಳಿಗೆ ಕೊಟ್ಟು, ಮೂರು ದಿನ ಬಿಟ್ಟು ಮತ್ತೆ ಬಂದು ತೋರಿಸಲು ಹೇಳಿದರು. ಆ ದಿನ ಅತ್ತೆ ಒಬ್ಬಳೇ ಬಸ್ಸು ಹತ್ತಿ ಹೋದಳು. ಸಂಜೆ ಹಾಗೇ ತಿರುಗಿ ಬಂದಳು, ಪಟ್ಟಿ ಬಿಚ್ಚಿಯೇ ಇರಲಿಲ್ಲ!

“ಆ ಕುರ್ಚಿ ಮ್ಯಾಗ ಬ್ಯಾರೆ ಗಂಡಸು ಕುಂತಿದ್ದ. ಒಬ್ಬರ ಔಷಧ ತಗೊಂಡು ಇನ್ನೊಬ್ಬರ ಮುಂದ ಕಾಲು ಚಾಚಿದ್ರ ಮೊದಲಿನಾಕಿ ಕೈಗುಣ ಉಳಿತೈತೇನು?” ಎಂದಳು.

ವಾರ ಕಳೆಯಿತು. ಗಾಯದ ಅಂಚು ಕಪ್ಪಗಾಯಿತು. ಕಾಲು ಹೋದರೆ ಈ ಹೆಂಗಸು ಕುರಿ ಬಿಟ್ಟು ಬದುಕುವವಳೇ?

ಪಕ್ಕದ ಮನೆಯ ಮೆಹರುನ್ನಿಸಾ ಮೊಣಕಾಲು ನೋವಿಗೆ ಅದೇ ದವಾಖಾನೆಗೆ ಹೋಗುತ್ತಾಳೆ. ಅತ್ತೆಯ ಕಾಲು ನೋಡಿ ಸಿಟ್ಟಿಗೆದ್ದಳು.

“ಯಕ್ಕಾ, ಅವರೆಲ್ಲ ಕೂಡಿ ನಡಸೂ ದವಾಖಾನಿ ಅದು. ನಿನ್ನ ಕಾಗದ ಎಲ್ಲಾರೂ ನೋಡ್ತಾರ. ಒಬ್ಬರು ಇರಲಿಲ್ಲಂದ್ರ ಇನ್ನೊಬ್ಬರು ಮುಂದುವರಸ್ತಾರ. ಪ್ರಿಯದರ್ಶಿನಿ ಡಾಕ್ಟರೇ ಬೇಕಂದ್ರ ಯಾವ ದಿನ ಇರ್ತಾರಂತ ಫೋನ್ ಮಾಡಿ ಕೇಳು. ಆದ್ರ ಈ ಗಾಯ ಕಾಯೂದಿಲ್ಲ. ಏಳು!”

“ಕೃಷ್ಣಾಜಿ ಡಾಕ್ಟರು ಇದ್ದಿದ್ರ...” ಎಂದು ಅತ್ತೆ ಕಣ್ಣೊರೆಸಿಕೊಂಡಳು. ಆದರೂ ಎದ್ದಳು, ನಾನೂ ಜೊತೆಗೆ ಹೊರಟೆ.

ದವಾಖಾನೆಯ ಬಾಗಿಲಲ್ಲಿ ಅತ್ತೆ ಗಕ್ಕನೆ ನಿಂತಳು. ಪಾಳಿಯ ಬೆಂಚಿನ ಮೇಲೆ ಒಬ್ಬ ಮುದುಕರು. ಅವರ ಹೆಗಲ ಮೇಲೆ ನಮ್ಮದೇ ಕಂಬಳಿ!

“ರಾಮವ್ವಾ, ಕುರಿ ಹ್ಯಾಂಗ ಅವ?” ಎಂದರು ಕೃಷ್ಣಾಜಿ ಡಾಕ್ಟರು.

“ಯಪ್ಪಾ, ನೀವೂ ಇಲ್ಲೇ ತೋರಸ್ತೀರೇನ್ರಿ?”

“ಹೂಂ, ಬಿ.ಪಿ. ತೋರಿಸ್ಲಿಕ್ಕೆ ಬಂದೇನಿ. ಗುಡೂರಾಗ ನಾ ಒಬ್ಬನೇ ಇದ್ದೆ. ತಿಳೀಲಾರದ ಜಡ್ಡು ಬಂದ್ರ ಕೇಳಲಿಕ್ಕೆ ಬಾಜೂಕ ಯಾರೂ ಇರಲಿಲ್ಲ, ಭಾಳ ಅಂಜಿಕಿ ಆಗ್ತಿತ್ತು. ಇವರಿಗೆ ಬಾಜೂ ಖೋಲಿಯೊಳಗೇ ಇನ್ನೊಬ್ರು ಇದ್ದಾರ.” ಕಾಲಿನ ಕಡೆ ನೋಡಿ ಅವರ ಮುಖ ಸಣ್ಣದಾಯಿತು. “ನನ್ನ ಪಾಳಿ ನೀ ತಗೋ. ನಡಿ ಒಳಗ.”

ಒಳಗೆ ಅದೇ ಗಂಡಸು, ಅಮರೇಶ ಡಾಕ್ಟರು. “ಜಾಲಿ ಮುಳ್ಳಲ್ಲೇನವಾ?” ಎಂದು ಅವರೇ ಕೇಳಿದರು, ಪ್ರಿಯದರ್ಶಿನಿಯವರು ಬರೆದದ್ದು ಅವರ ಮುಂದಿತ್ತು. ಗಾಯ ನೋಡಿದ್ದೇ ಪಕ್ಕದ ಕೋಣೆಯಿಂದ ಆಪರೇಷನ್ ಮಾಡುವ ಡಾಕ್ಟರನ್ನು ಕರೆದರು. ಸತ್ತ ಮಾಂಸ ತೆಗೆದರು, ಸಕ್ಕರೆಯ ಔಷಧಿ ಬದಲಿಸಿದರು. ಪಾದ ಉಳಿಯಿತು.

ಅತ್ತೆ ಈಗ ಮತ್ತೆ ಕುರಿಯ ಹಿಂದೆ ಹೋಗುತ್ತಾಳೆ, ಕಾಲಲ್ಲಿ ದಪ್ಪ ಬೂಟು. ಮೊನ್ನೆ ಉಣ್ಣೆ ಹಿಂಜುತ್ತ ಕೇಳಿದಳು: “ಇಷ್ಟು ಮಂದಿ ಡಾಕ್ಟರಿಗೆ ಒಂದ ಕಂಬಳಿ ಹೆಂಗ ಕೊಡ್ಲಿ ಬೇ?”

ಅಕ್ಕತಂಗಿಯರೇ, ಹಳೆಯ ಡಾಕ್ಟರ ನೆನಪು ಎದೆಯಲ್ಲಿರಲಿ, ಗಾಯ ಮಾತ್ರ ಮನೆಯಲ್ಲಿ ಮುಚ್ಚಿಡಬೇಡಿ. ಹತ್ತಿರದ ಡಾಕ್ಟರು ಯಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರ ಓದು, ನೋಂದಣಿ ಬರೆದ ಬೋರ್ಡು ನೋಡಿ. ಹಲವರು ಕೂಡಿ ನಡೆಸುವ ದವಾಖಾನೆಯಾದರೆ ಯಾವ ಜಡ್ಡಿಗೆ ಯಾರು, ಯಾವ ದಿನ ಎಂದು ವಿಚಾರಿಸಿ. ಹಳೆಯ ಚೀಟಿ, ಗುಳಿಗೆ ಜೊತೆಗೊಯ್ಯಿರಿ. ನಿಮ್ಮ ಡಾಕ್ಟರು ಕಾಣಲಿಲ್ಲವೆಂದು ಬಾಗಿಲಿಂದ ತಿರುಗಿ ಬರಬೇಡಿ. ಕುರ್ಚಿಯಲ್ಲಿ ಯಾರೇ ಕೂತಿರಲಿ, ಕಾಲು ನಿಮ್ಮದು.