ಚಾವಣಿ ಗುಡಿಸಿದ ವಾರ

ತಲೆಯ ಮೇಲೆ ಸರ್ ಸರ್ ಎಂದು ಪೊರಕೆ ಆಡುವ ಸದ್ದು ಕೇಳಿ ವೀಬ್ಕೆ ಹಲ್ಲುಜ್ಜುವುದನ್ನು ನಿಲ್ಲಿಸಿದಳು. ಕಟ್ಟಡದ ಕೊನೆಯ ಮಹಡಿ ಅವಳದು. ಅದರ ಮೇಲೆ ಚಾವಣಿ, ಚಾವಣಿಯ ಮೇಲೆ ಆಕಾಶ. ಶನಿವಾರ ಬೆಳ್ಳಂಬೆಳಿಗ್ಗೆ ಆಕಾಶವನ್ನೂ ಗುಡಿಸಬಲ್ಲವರು ಇಲ್ಲಿ ಒಬ್ಬರೇ: ಮೊದಲ ಮಹಡಿಯ ಹೆಡ್ವಿಗ್ ಕೀನ್ಲೆ.

ಸೋಮವಾರದಿಂದ ವೀಬ್ಕೆಯ ಬಾಗಿಲ ಹಿಡಿಕೆಗೆ ಒಂದು ಮರದ ಹಲಗೆ ತೂಗುತ್ತಿತ್ತು. ‘ಗುಡಿಸುವ ವಾರ.’ ಹಲಗೆ ಯಾರ ಬಾಗಿಲಿಗೆ ಬರುತ್ತದೋ ಆ ವಾರ ಮೆಟ್ಟಿಲು, ಅಂಗಳ, ಬೀದಿಯಂಚು ಎಲ್ಲ ಅವರ ಪಾಲು. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವೀಬ್ಕೆ ಉತ್ತರದ ಕಡಲತೀರದವಳು. ಅವಳೂರಿನಲ್ಲಿ ಗುಡಿಸುವ ಕೆಲಸವನ್ನು ಗಾಳಿಯೇ ನೋಡಿಕೊಳ್ಳುತ್ತಿತ್ತು. ಆದರೂ ಮೆಟ್ಟಿಲು, ಅಂಗಳ, ಬೀದಿಯಂಚನ್ನು ಅವಳು ಚೊಕ್ಕಟವಾಗಿಯೇ ಗುಡಿಸಿದ್ದಳು. ಹೊಸ ಚಾವಣಿಯೂ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಕೇಳಲು ಧೈರ್ಯ ಬಂದಿರಲಿಲ್ಲ, ಅಷ್ಟೆ.

ಪೊರಕೆ ಇನ್ನೊಮ್ಮೆ ಸರ್ ಎಂದಿತು. ಅವಳಿಗೆ ಥಟ್ಟನೆ ಹೊಳೆಯಿತು. ಅಯ್ಯೋ, ಗಿಡಗಳು!

ಹೋದ ಬೇಸಿಗೆಯಲ್ಲಿ ಡಾಂಬರಿನ ಚಾವಣಿ ಕಾದು, ವೀಬ್ಕೆ ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಪರೀಕ್ಷೆಗೆ ಓದಿದ್ದಳು. ಮೇಜಿನ ಮೇಲಿದ್ದ ಬೆಣ್ಣೆ ತಾನಾಗಿ ತಟ್ಟೆ ದಾಟಿ ಹೋಗಿತ್ತು. ಚಾವಣಿಗೆ ಬಿಳಿ ಬಣ್ಣ ಬಳಿಯೋಣ, ಬಿಸಿಲು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ ಎಂದು ಕೆಳಮನೆಯ ಗಾಯ್ಸರ್ ಹಟ ಹಿಡಿದಿದ್ದರು. ಎದುರಿನ ತಗ್ಗು ಮನೆಯವರು ಹಾಗೇ ಮಾಡಿದ್ದರು. ಅಂದಿನಿಂದ ಅದರ ಹೊಳಪಿಗೆ ಕೀನ್ಲೆ ಬೆಳಗಿನ ಕಾಫಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂರಬೇಕಾಗಿತ್ತು. ಕೊನೆಗೆ ಒಂದೇ ಮತದ ಅಂತರದಲ್ಲಿ, ಗಿಡ ಬೆಳೆಸುವ ಹಸಿರು ಚಾವಣಿ ಗೆದ್ದಿತು. ಆ ಒಂದು ಮತ, ಕಿವಿಯ ತನಕ ಮಾತ್ರ ಎತ್ತಿದ್ದ ವೀಬ್ಕೆಯ ಕೈ.

ಕಳೆದ ವಾರ ಕೆಲಸದವರು ಬಂದು ಮೇಲೆ ಗರಸು ಮಣ್ಣು ಹರಡಿದರು. ಅದರ ಮೇಲೆ ದಪ್ಪ ಎಲೆಯ ಪುಟ್ಟ ಗಿಡದ ತುಂಡುಗಳನ್ನು ಬೀಜ ಬಿತ್ತುವ ಹಾಗೆ ಚೆಲ್ಲಿದರು. ಮಳೆ ಬಿದ್ದರೆ ಬಿದ್ದಲ್ಲೇ ಬೇರು ಬಿಡುತ್ತವೆ ಎಂದು ಹೇಳಿ ಹೋದರು. ಕೀನ್ಲೆ ಆಗ ಊರಲ್ಲಿರಲಿಲ್ಲ, ಉಲ್ಮ್ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೋಗಿದ್ದರು.

ವೀಬ್ಕೆ ಬಾಯಿ ತೊಳೆದು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ತುಂಬಾ ನೇರವಾಯಿತು ಅನ್ನಿಸಿ ಬಿಚ್ಚಿ ಮತ್ತೆ ಜೋಡಿಸಿದಳು. ಅವಳು ಬಾಗಿಲು ತೆರೆಯುವಷ್ಟರಲ್ಲಿ ಕೀನ್ಲೆ ಒಂದು ಕೈಯಲ್ಲಿ ಕಡ್ಡಿಪೊರಕೆ, ಇನ್ನೊಂದರಲ್ಲಿ ತುಂಬಿದ ಬಕೆಟ್ಟು ಹಿಡಿದು ಇಳಿದು ಬರುತ್ತಿದ್ದರು.

“ಎದ್ದೆಯಾ ತಾಯಿ? ವಾರ ನಿಂದು, ಸೊಂಟ ನಂದು!” ಎಂದರು. “ಮೇಲೆ ಅದೇನು ಕಸ ಅಂತೀಯಾ! ಆ ಕೆಲಸದವರು ಸೊಪ್ಪು ಸೋಸಿ ಅಲ್ಲೇ ಬಿಸಾಕಿ ಹೋಗಿದ್ದಾರೆ. ನಾಳೆ ನಾಡಿದ್ದು ಗಿಡದ ಕುಂಡ ತಂದಿಡೋರು ನೋಡಿದ್ರೆ ಏನಂದ್ಕೋತಾರೆ? ಈ ಮನೇಲಿ ಹೆಂಗಸರೇ ಇಲ್ವಾ ಅನ್ನಲ್ವಾ?”

ವೀಬ್ಕೆ ಬಾಯಿ ತೆರೆದಳು. ಜೋಡಿಸಿಟ್ಟಿದ್ದ ಮಾತಿನ ಬದಲು ಬೇರೆಯದೇ ಹೊರಬಂತು.

“ತುಂಬಾ... ಥ್ಯಾಂಕ್ಸ್,” ಎಂದಳು.

“ಇರ್ಲಿ ಬಿಡು,” ಎಂದು ಕೀನ್ಲೆ ಕೆಳಗಿಳಿದು ಹೋದರು.

ಮುಂದಿನ ಬುಧವಾರ ಸಂಜೆ ಅಂಗಳದ ಚೆಸ್ಟ್‌ನಟ್ ಮರದ ಕೆಳಗೆ ಸಭೆ ಸೇರಿತು. ಆ ಕಟ್ಟಡ ಅಲ್ಲಿದ್ದವರೆಲ್ಲರ ಕೂಡೊಡೆತನದ್ದು. ಹೊಸಬರು ಒಂದು ವರ್ಷ ಇದ್ದು ತೋರಿಸಬೇಕು, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಸಭೆ ತೀರ್ಮಾನಿಸುತ್ತದೆ. ವೀಬ್ಕೆಯ ವರ್ಷ ಅಂದಿಗೆ ಮುಗಿದಿತ್ತು. ಬೇರೆ ಕೋಣೆ ಹುಡುಕಬೇಕಾದರೆ ಎಷ್ಟು ಅಪರಿಚಿತರ ಜೊತೆ ಮಾತಾಡಬೇಕಾದೀತು ಎಂದು ನೆನೆದೇ ಅವಳಿಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಗಾಯ್ಸರ್ ಎದ್ದು ನಿಂತರು. “ಹುಡುಗಿ ವಿಷಯ ಆಮೇಲೆ. ಮೊದಲು ಚಾವಣಿ. ನಿನ್ನೆ ತೋಟದವನ ಜೊತೆ ಮೇಲೆ ಹೋಗಿದ್ದೆ. ಗಿಡದ ಒಂದು ತುಂಡೂ ಇಲ್ಲ. ನನ್ನ ತಲೆಗಿಂತ ಬೋಳು.” ಯಾರೋ ನಕ್ಕರು. “ನಗಬೇಡಿ! ಚೆಲ್ಲಿದ್ದೆಲ್ಲ ಎಲ್ಲಿ ಹೋಯ್ತು? ಹೋದ ವಾರ ಹಲಗೆ ಯಾರ ಬಾಗಿಲಲ್ಲಿತ್ತು?”

ಎಲ್ಲರ ಕುತ್ತಿಗೆಗಳೂ ಒಟ್ಟಿಗೆ ತಿರುಗಿದವು. ವೀಬ್ಕೆ ಕೈಯಲ್ಲಿದ್ದ ಬ್ರೆಟ್ಸೆಲ್ ರೊಟ್ಟಿಯನ್ನು ಕೆಳಗಿಟ್ಟಳು. “ನನ್ನ ಬಾಗಿಲಲ್ಲಿ.”

“ಹಂಗಾದ್ರೆ ಗುಡಿಸಿದ್ದು ನೀವೇನಾ?”

ಅವಳು ಕಣ್ಣಂಚಿನಲ್ಲಿ ಕೀನ್ಲೆಯನ್ನು ನೋಡಿದಳು. ಆಕೆ ಕಾಲ್ಚೀಲ ಹೆಣೆಯುತ್ತಿದ್ದರು. ಚೆಲ್ಲಿದ್ದೇ ಗಿಡ ಎನ್ನುವುದು ಅವರಿಗೆ ಈಗ ತಾನೇ ಅರ್ಥವಾಗಿರಬೇಕು, ಮುಖ ಸುಣ್ಣವಾಗಿತ್ತು. ಇಷ್ಟು ಜನರೆದುರು ಬೆರಳು ತೋರಿಸುವುದು ವೀಬ್ಕೆಯಿಂದ ಆಗುವ ಕೆಲಸವಲ್ಲ. ಅವಳಿಗೆ ತನ್ನೂರು ನೆನಪಾಯಿತು.

“ಗಾಳಿ... ಇರಬಹುದು,” ಎಂದಳು.

ಗಾಯ್ಸರ್ ಗಡ್ಡ ಕೆರೆದುಕೊಂಡರು. “ಗಾಳಿ. ಹೂಂ. ಶುಕ್ರವಾರ ಜೋರಾಗೇ ಇತ್ತು. ನಮ್ಮನೆಯವಳ ಟವೆಲ್ ಹಾರಿಹೋಗಿತ್ತು. ಆಯ್ತು, ಗಾಳಿ ಅಂತಲೇ ಇಟ್ಕೊಳ್ಳೋಣ...”

ಹೆಣಿಗೆ ಕಡ್ಡಿಗಳ ಸದ್ದು ನಿಂತಿತು.

“ಯಾವ ಗಾಳಿ?” ಎಂದರು ಕೀನ್ಲೆ.

“ಶುಕ್ರವಾರದ್ದು ಕಣ್ರೀ.”

“ಗಾಯ್ಸರ್ ಅವರೇ, ನೀವು ಮೇಲೆ ಹೋದಾಗ ಕಣ್ಣು ಮನೇಲಿ ಬಿಟ್ಟು ಹೋಗಿದ್ರಾ? ಮೂಲೆ ನೋಡಿದ್ರಾ? ಚಿಮಣಿ ಹಿಂದೆ ನೋಡಿದ್ರಾ? ಮಳೆನೀರು ಹೋಗೋ ಕೊಳವೆ ಬಾಯಲ್ಲಿ ಒಂದು ಎಲೆ ಇತ್ತಾ?”

“ಇರಲಿಲ್ಲ...”

“ಗಾಳಿ ಮೂಲೆ ಗುಡಿಸುತ್ತಾ? ಕೊಳವೆ ಬಾಯಿ ಒರೆಸುತ್ತಾ? ಗಾಳಿ ಗುಡಿಸಿದ್ರೆ ಅದು ಗುಡಿಸಿದ ಹಂಗಾ? ಈ ಮನೇಲಿ ಅಷ್ಟು ಚೊಕ್ಕಟವಾಗಿ ಗುಡಿಸೋಳು ಒಬ್ಬಳೇ, ನಾನು...”

ಮಾತು ಬಾಯಿಂದ ಹೊರಟ ಮೇಲೆ ಅದು ಎಲ್ಲಿಗೆ ಹೋಗಿ ನಿಂತಿತೆಂದು ಕೀನ್ಲೆಗೆ ತಿಳಿಯಿತು. ಹೆಣಿಗೆಯನ್ನು ಮಡಿಲಿಗೆ ಹಾಕಿಕೊಂಡರು. ಆಮೇಲೆ ಆಕೆ ಸಣ್ಣ ದನಿಯಲ್ಲಿ ಅಂದರು: “ನಾನು ಕುಂಡದಲ್ಲಿ ಬರುತ್ತೆ ಅಂದ್ಕೊಂಡಿದ್ದೆ. ಗಿಡ ಅಂದ್ರೆ ಕುಂಡ ಇರಬೇಡ್ವಾ?”

“ಸರಿ ಹೋಯ್ತು,” ಎಂದು ಗಾಯ್ಸರ್ ಕೈ ಉಜ್ಜಿಕೊಂಡರು. “ಹಸಿರಿನ ಕಥೆ ಮುಗೀತು. ಬಿಳಿ ಬಣ್ಣದ ನಮೂನೆ ಮನೇಲೇ ಇದೆ, ತರ್ತೀನಿ.”

“ಮುಗಿದಿಲ್ಲ.”

ಹೇಳಿದವರು ಯಾರೆಂದು ಎಲ್ಲರೂ ಸುತ್ತ ನೋಡಿದರು. ವೀಬ್ಕೆ ನಿಂತಿದ್ದಳು. ತಾನು ಯಾವಾಗ ಎದ್ದೆನೆಂದು ಅವಳಿಗೇ ಗೊತ್ತಿರಲಿಲ್ಲ.

“ಸತ್ತಿಲ್ಲ ಅವು. ಶನಿವಾರವೇ ಕಸದ ಡಬ್ಬಿಯಿಂದ ಎತ್ಕೊಂಡು ಬಂದೆ. ನನ್ನ ಸ್ನಾನದ ತೊಟ್ಟೀಲಿವೆ. ದಿನಾ ನೀರು ಚಿಮುಕಿಸ್ತಿದ್ದೀನಿ.”

“ತೊಟ್ಟೀಲಾ?” ಗಾಯ್ಸರ್ ಹುಬ್ಬೇರಿಸಿದರು. “ಮತ್ತೆ ಸ್ನಾನ?”

“ಲೋಟದಲ್ಲಿ...”

“ಅಲ್ಲಮ್ಮ, ಅಷ್ಟು ಕಷ್ಟಪಡೋ ಬದಲು ಮೇಲೇ ಚೆಲ್ಲಿಬಿಡಬಾರದಿತ್ತಾ?”

ವೀಬ್ಕೆಯ ಕಿವಿ ಕೆಂಪಾಯಿತು. “ಚೆಲ್ಲಿದ್ರೆ... ಇವರು ಮತ್ತೆ ಗುಡಿಸ್ತಿದ್ರು.”

ಮೊದಲು ನಕ್ಕಿದ್ದು ಕೀನ್ಲೆಯೇ. ನಗು ಕೆಮ್ಮಿಗೆ ತಿರುಗಿ, ಕೆಮ್ಮು ಕಣ್ಣೀರಿಗೆ ತಿರುಗಿ, ಆಕೆ ಅರ್ಧ ಹೆಣೆದ ಕಾಲ್ಚೀಲದಿಂದಲೇ ಕಣ್ಣೊರೆಸಿಕೊಂಡರು. “ಗುಡಿಸ್ತಿದ್ದೆ ಕಣೇ, ಖಂಡಿತ ಗುಡಿಸ್ತಿದ್ದೆ!”

ಬಿಸಿಲು ಇಳಿಯುವ ಮುಂಚೆ ಬಕೆಟ್ಟು, ಬಾಣಲೆ, ಕೇಕಿನ ಅಚ್ಚು, ಕೈಗೆ ಸಿಕ್ಕಿದ್ದರಲ್ಲೆಲ್ಲ ಗಿಡ ತುಂಬಿಕೊಂಡು ಮನೆಮಂದಿಯೆಲ್ಲ ಮೇಲೆ ಹತ್ತಿದರು. ಗಾಯ್ಸರ್ ಗೊಣಗುತ್ತಲೇ ಬೊಗಸೆಗಟ್ಟಲೆ ಚೆಲ್ಲಿದರು. ಕೀನ್ಲೆ ಮಾತ್ರ ಮಂಡಿಯೂರಿ ಒಂದೊಂದನ್ನೇ ಸಾಲಾಗಿ ಇಡುತ್ತಿದ್ದರು.

“ಸಾಲು ಬೇಕಿಲ್ಲ ರೀ, ಸುಮ್ನೆ ಎರಚಿ,” ಎಂದರು ಗಾಯ್ಸರ್.

“ನಿಮ್ಮ ಮನೆ ಕಪಾಟು ನೋಡಿದ್ದೀನಿ ಬಿಡಿ.”

“ಅದಿರಲಿ, ಹುಡುಗಿ ವಿಷಯ ತೀರ್ಮಾನ ಆಗಲೇ ಇಲ್ವಲ್ಲ?”

“ಅದರಲ್ಲಿ ಕೇಳೋದೇನಿದೆ?” ಕೀನ್ಲೆ ತಲೆ ಎತ್ತಲಿಲ್ಲ. “ಅವಳ ಗುಡಿಸೋ ವಾರ ಮತ್ತೆ ಸೆಪ್ಟೆಂಬರಿಗೆ ಬರುತ್ತೆ. ಹಲಗೆ ನಾನೇ ತಂದು ನೇತು ಹಾಕ್ತೀನಿ.”

ಯಾರೂ ಎದುರಾಡಲಿಲ್ಲ. ವೀಬ್ಕೆ ಖಾಲಿ ಬಾಣಲೆಯನ್ನು ಎದೆಗವಚಿಕೊಂಡು ಚಿಮಣಿಯ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದಳು.

ಜುಲೈ ಬಂತು. ಗುಡ್ಡಗಳ ನಡುವೆ ಬಟ್ಟಲಿನಂತಿದ್ದ ಊರಿನಲ್ಲಿ ಸೆಕೆ ತುಂಬಿಕೊಂಡಿತು. ವೀಬ್ಕೆಯ ಮೇಜಿನ ಮೇಲೆ ಬೆಣ್ಣೆ ತಟ್ಟೆಯಲ್ಲೇ ಉಳಿಯಿತು. ಬೆಳಿಗ್ಗೆ ತಲೆಯ ಮೇಲೆ ಪೊರಕೆಯ ಸದ್ದಿಲ್ಲ. ಚಪ್ಪಲಿಯ ನಿಧಾನದ ಹೆಜ್ಜೆ ಚಾವಣಿಯ ಬಾಗಿಲ ತನಕ ಹೋಗುವುದು, ಅಲ್ಲೇ ನಿಲ್ಲುವುದು, ಮರಳಿ ಬರುವುದು ಕೇಳಿಸುತ್ತಿತ್ತು. ಕೀನ್ಲೆ ಅಂಗಳಕ್ಕೆ ಹೊಸ ಪೊರಕೆ ಕೊಂಡು ತಂದಿದ್ದರು. ಹಳೆಯದು ಇನ್ನೂ ಗಟ್ಟಿಯಾಗಿತ್ತಲ್ಲ ಎಂದು ಎಲ್ಲರಿಗೂ ಆಶ್ಚರ್ಯ.

ಒಂದು ದಿನ ಒಣಹಾಕಿದ ಬಟ್ಟೆ ತೆಗೆಯಲು ವೀಬ್ಕೆ ಮೇಲೆ ಹೋದಳು. ಚಾವಣಿಯ ಬಾಗಿಲ ಪಕ್ಕದ ಗೋಡೆಗೆ ಹಳೆಯ ಕಡ್ಡಿಪೊರಕೆ ತಲೆಕೆಳಗಾಗಿ ಒರಗಿತ್ತು. ಅದರ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ಮಣ್ಣಿನಲ್ಲಿ ದಪ್ಪ ಎಲೆಯ ಒಂದು ತುಂಡು ಬೇರುಬಿಟ್ಟು, ಸಾಸಿವೆಯಷ್ಟು ಹಳದಿ ಹೂ ಹೊತ್ತಿತ್ತು. ಹಲವು ದಿನಗಳಿಂದ ಮಳೆಯಿರಲಿಲ್ಲ. ಪೊರಕೆಯ ಹಿಡಿಯ ಕೆಳಗೆ ನೆಲ ಒದ್ದೆಯಾಗಿತ್ತು.